ಮಲೆನಾಡಿನ ಮಳೆ, ಕೋಳಿಮರಿಗಳಿಗೆ ರಕ್ತಭೇದಿ: ಹಿಕ್ಕೆಯಲ್ಲೇ ಇದೆ ರೋಗದ ಸುಳಿವು

ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಯಸಳೂರು, ಹಾನುಬಾಳು ಕಡೆ ಮುಂಗಾರು ಹಿಡಿದುಕೊಂಡರೆ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಆಲೂರಿನ ಪಾಳ್ಯ, ಕೆಂಚಮ್ಮನ ಹೊಸಕೋಟೆಗಳಲ್ಲೂ ನೆಲ ಒಣಗುವುದು ಕಷ್ಟ. ತೋಟದ ಮನೆಗಳ ಹಿತ್ತಿಲಲ್ಲಿ ಸಾಕಲೆಂದು ಕೊಂಡು ತಂದ ಕೋಳಿಮರಿಗಳಿಗೆ ಇದು ಅಪಾಯದ ಕಾಲ. ಸಂಜೆ ರೆಕ್ಕೆ ಇಳಿಬಿಟ್ಟು ಮೂಲೆ ಸೇರಿದ ಮರಿ ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ. ‘ಚಳಿಗೆ ಸತ್ತಿತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಎರಡು ದಿನ ಕಳೆಯುವುದರೊಳಗೆ ಅರ್ಧ ಗುಂಪೇ ಖಾಲಿಯಾಗಿರುತ್ತದೆ.

ಚಳಿಯೂ ಒಂದು ಕಾರಣ ಹೌದು. ಆದರೆ ಎಷ್ಟೋ ಬಾರಿ ನಿಜವಾದ ಶತ್ರು ಇರುವುದು ಮರಿಯ ಕರುಳಿನಲ್ಲಿ. ಅದನ್ನು ಮೊದಲ ದಿನವೇ ಗುರುತಿಸಿದರೆ ಉಳಿದ ಮರಿಗಳನ್ನು ಉಳಿಸಿಕೊಳ್ಳಬಹುದು. ಗುರುತಿಸಲು ನೋಡಬೇಕಾದದ್ದು ಎರಡೇ: ಮರಿಯ ವಯಸ್ಸು ಮತ್ತು ಹಿಕ್ಕೆಯ ಬಣ್ಣ.

ಸಹಜ ಹಿಕ್ಕೆ ಯಾವುದು?

ಆರೋಗ್ಯವಂತ ಮರಿಯ ಹಿಕ್ಕೆ ಕಂದು ಅಥವಾ ಬೂದು ಬಣ್ಣದ್ದಾಗಿದ್ದು ಮೇಲೆ ಬಿಳಿಯ ಲೇಪವಿರುತ್ತದೆ. ಈ ಬಿಳಿ ಭಾಗ ಮೂತ್ರದ ಅಂಶ. ದಿನಕ್ಕೆ ಕೆಲವು ಬಾರಿ ಗಾಢ ಕಂದು ಬಣ್ಣದ, ಅಂಟಾದ, ದುರ್ವಾಸನೆಯ ಹಿಕ್ಕೆಯನ್ನೂ ಕೋಳಿ ಹಾಕುತ್ತದೆ. ಇದು ಕುರುಡುಕರುಳಿನಿಂದ ಬರುವ ಸಹಜ ವಿಸರ್ಜನೆ. ಹೊಸದಾಗಿ ಸಾಕುವವರು ಇದನ್ನೇ ಭೇದಿಯೆಂದು ತಿಳಿದು ಔಷಧಿ ಕುಡಿಸುವುದುಂಟು. ಮರಿ ಚಟುವಟಿಕೆಯಿಂದಿದ್ದು ಮೇವು ತಿನ್ನುತ್ತಿದ್ದರೆ ಹೆದರಬೇಕಿಲ್ಲ.

ವಯಸ್ಸು ಹೇಳುವ ರೋಗ

ಮೊದಲ ವಾರದ ಮರಿಯ ಗುದದ್ವಾರಕ್ಕೆ ಹಿಕ್ಕೆ ಮೆತ್ತಿಕೊಂಡು ಗಟ್ಟಿಯಾಗುವುದು ಸಾಮಾನ್ಯವಾಗಿ ಪ್ರಯಾಣದ ದಣಿವು, ಚಳಿ ಮತ್ತು ನೀರಿನ ಕೊರತೆಯ ಫಲ. ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ಮೆಲ್ಲಗೆ ಬಿಡಿಸಬೇಕು. ಎಳೆದು ಕೀಳಬಾರದು. ಒರೆಸಿದ ನಂತರ ಮರಿಯನ್ನು ಕಾವಿನಲ್ಲಿಡಬೇಕು.

ಎರಡು–ಮೂರು ವಾರದೊಳಗಿನ ಅನೇಕ ಮರಿಗಳು ಒಟ್ಟಿಗೆ ಬಿಳಿಯಾಗಿ ಭೇದಿ ಮಾಡುತ್ತಾ, ಗುಂಪುಗೂಡಿ ಕೀಚಲು ದನಿಯಲ್ಲಿ ಅರಚುತ್ತಾ ಸಾಯತೊಡಗಿದರೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಬಿಳಿಭೇದಿಯನ್ನು ಶಂಕಿಸಬೇಕು. ತಾಯಿಕೋಳಿಯಿಂದ ಮೊಟ್ಟೆಯ ಮೂಲಕವೇ ಬರಬಲ್ಲ ರೋಗವಿದು. ಔಷಧಿಯಿಂದ ಬದುಕಿದ ಮರಿಗಳು ಸೋಂಕನ್ನು ಹೊತ್ತು ತಿರುಗಬಹುದಾದ್ದರಿಂದ ಅವುಗಳ ಮೊಟ್ಟೆಯಿಂದ ಮರಿ ಮಾಡಿಸಬಾರದು.

ಮೂರರಿಂದ ಆರು ವಾರದ ಮರಿಯ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಬಹುಮಟ್ಟಿಗೆ ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ. ಜುಟ್ಟು ಬಿಳಿಚಿಕೊಳ್ಳುತ್ತದೆ, ಪುಕ್ಕ ಕೆದರುತ್ತದೆ, ಮೇವು ನಿಲ್ಲುತ್ತದೆ. ಗಿರಿರಾಜದಂತಹ ಮರಿಗಳನ್ನು ಹಲವರು ಕೊಳ್ಳುವುದು ಈ ವಯಸ್ಸಿನಲ್ಲೇ ಎಂಬುದು ಗಮನಾರ್ಹ.

ಹಸಿರು ಭೇದಿಯ ಜೊತೆಗೆ ಉಸಿರಾಟದ ತೊಂದರೆ, ಕತ್ತು ತಿರುಚುವಿಕೆ ಇದ್ದರೆ ಅದು ಕೊಕ್ಕರೆ ರೋಗವಿರಬಹುದು. ವೈರಸ್‌ನಿಂದ ಬರುವ ಇದಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯೊಂದೇ ದಾರಿ. 5ರಿಂದ 7ನೇ ದಿನದೊಳಗೆ ಮೊದಲ ಲಸಿಕೆ ಹಾಕಿಸಬೇಕು. ಕೊಳ್ಳುವಾಗ ಇದನ್ನು ಕೇಳಿ ತಿಳಿಯುವುದು ಅಗತ್ಯ.

ಮಳೆಗೂ ರಕ್ತಭೇದಿಗೂ ನಂಟು

ರಕ್ತಭೇದಿಗೆ ಕಾರಣ ಐಮೀರಿಯಾ ಎಂಬ ಏಕಕೋಶ ಪರಾವಲಂಬಿ. ಸೋಂಕು ತಗುಲಿದ ಕೋಳಿ ಹಿಕ್ಕೆಯಲ್ಲಿ ಇದರ ಸೂಕ್ಷ್ಮ ಅಂಡಕೋಶಗಳನ್ನು ಹೊರಹಾಕುತ್ತದೆ. ಹೊರಬಂದ ಕ್ಷಣದಲ್ಲಿ ಅವು ನಿರಪಾಯಕಾರಿ. ತೇವ ಮತ್ತು ಬೆಚ್ಚಗಿನ ವಾತಾವರಣ ದೊರೆತರೆ ಒಂದೆರಡು ದಿನಗಳಲ್ಲಿ ಪಕ್ವವಾಗಿ ರೋಗ ಹರಡಲು ಸಿದ್ಧವಾಗುತ್ತವೆ. ಹೊರಗೆ ಬಿಡದ ಮಳೆ, ಒಳಗೆ ಕಾವು ಕೊಡುವ ಬಲ್ಬು, ನೀರು ಚೆಲ್ಲಿ ನೆನೆದ ಹೊಟ್ಟು: ಪರಾವಲಂಬಿಗೆ ಬೇಕಾದುದೆಲ್ಲ ಗೂಡಿನಲ್ಲೇ ಸಿಗುತ್ತದೆ.

ಕೆದಕಿ ತಿನ್ನುವ ಮರಿ ಅವುಗಳನ್ನು ನುಂಗಿದ ನಾಲ್ಕೈದು ದಿನಕ್ಕೆ ಕರುಳಿನ ಒಳಪದರ ಹರಿದು ರಕ್ತ ಕಾಣಿಸಿಕೊಳ್ಳುತ್ತದೆ. ಅಂದರೆ ರಕ್ತ ಕಂಡ ದಿನ ರೋಗ ಆರಂಭವಾದ ದಿನವಲ್ಲ. ಉಳಿದ ಮರಿಗಳೂ ಅದೇ ನೆಲವನ್ನು ಕೆದಕಿರುತ್ತವೆ. ಆದುದರಿಂದಲೇ ಇಡೀ ಗುಂಪಿಗೆ ಚಿಕಿತ್ಸೆ ಕೊಡಬೇಕು.

ಚಿಕಿತ್ಸೆ ಹೇಗೆ?

ಸಾಮಾನ್ಯವಾಗಿ ಬಳಸುವ ಔಷಧಿ ಆಂಪ್ರೋಲಿಯಂ. ಶೇ 20ರ ಪುಡಿಯಾದರೆ ಲೀಟರ್ ಕುಡಿಯುವ ನೀರಿಗೆ ರೋಗದ ತೀವ್ರತೆಗೆ ತಕ್ಕಂತೆ 0.6ರಿಂದ 1.2 ಗ್ರಾಂ, ಮೂರರಿಂದ ಐದು ದಿನ, ಬಳಿಕ 0.3 ಗ್ರಾಂನಂತೆ ಒಂದೆರಡು ವಾರ ಕೊಡಲಾಗುತ್ತದೆ. ಪೊಟ್ಟಣಗಳ ಸಾಂದ್ರತೆ ಬೇರೆ ಬೇರೆ ಇರುವುದರಿಂದ ಪಶುವೈದ್ಯರನ್ನು ಕೇಳಿಯೇ ಬಳಸುವುದು ಕ್ಷೇಮ. ಪ್ರತಿದಿನ ಹೊಸದಾಗಿ ಬೆರೆಸಬೇಕು, ಬೇರೆ ನೀರು ಸಿಗದಂತೆ ನೋಡಿಕೊಳ್ಳಬೇಕು. ಪರಾವಲಂಬಿಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ ದೊರೆಯದಂತೆ ತಡೆಯುವುದೇ ಈ ಔಷಧಿಯ ಕೆಲಸ. ‘ಶಕ್ತಿ ಬರಲಿ’ ಎಂದು ಅದೇ ನೀರಿಗೆ ಬಿ ಕಾಂಪ್ಲೆಕ್ಸ್ ಸುರಿದರೆ ಔಷಧಿಯ ಗುಣ ಕುಂದುತ್ತದೆ.

ಅಂಗಡಿಯಲ್ಲಿ ಕೇಳಿ ಯಾವುದೋ ಆಂಟಿಬಯೋಟಿಕ್ ತಂದು ಹಾಕುವುದು ಸಲ್ಲದು. ಆಂಪ್ರೋಲಿಯಂ ಬಿಳಿಭೇದಿಗೆ ಮದ್ದಲ್ಲ. ಬ್ಯಾಕ್ಟೀರಿಯಾದ ಔಷಧಿಗಳೆಲ್ಲ ರಕ್ತಭೇದಿಗೆ ನಾಟುವುದಿಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಮನುಷ್ಯರಿಗೂ ಅಪಾಯಕಾರಿ. ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಕೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಅನುಮಾನವಿದ್ದರೆ ಆಗತಾನೆ ಸತ್ತ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ಒಯ್ಯಬೇಕು. ಕರುಳು ಕೊಯ್ದು ನೋಡಿದರೆ ರೋಗ ತಿಳಿಯುವುದು ಸುಲಭ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಸಲಹೆಗೆ 1962ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಒಣ ನೆಲವೇ ಮೊದಲ ಮದ್ದು

ಐಮೀರಿಯಾ ಅಂಡಕೋಶಗಳು ಸಾಮಾನ್ಯ ಫಿನಾಯಿಲಿಗೆ ಸುಲಭವಾಗಿ ಸಾಯುವುದಿಲ್ಲ. ಅವು ಸೋಲುವುದು ಶಾಖಕ್ಕೆ, ಒಣಗಿಸುವಿಕೆಗೆ. ನೆಲದ ಮೇಲೆ ಎರಡು ಅಂಗುಲ ಒಣ ಭತ್ತದ ಹೊಟ್ಟು ಹರಡಿ, ದಿನವೂ ಕೆದಕಿ, ಒದ್ದೆಯಾದುದನ್ನು ತೆಗೆದುಹಾಕಬೇಕು. ನೀರಿನ ಬಟ್ಟಲು ಮರಿಯ ಬೆನ್ನಿನ ಮಟ್ಟಕ್ಕಿದ್ದರೆ ಚೆಲ್ಲುವುದು ಕಡಿಮೆ. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟು, ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತಾ ಬರಬೇಕು. ಹೊಸ ಮರಿಗಳನ್ನು ಎರಡು ವಾರವಾದರೂ ಹಳೆಯ ಕೋಳಿಗಳಿಂದ ಬೇರೆ ಇಡಬೇಕು.

ಊರಿನ ತೋಟದ ಮನೆಗೆ ರಜೆಯಲ್ಲಿ ಹೋಗುವ ನಗರವಾಸಿಗಳಿಗೂ ಒಂದು ಮಾತು. ಕೋಳಿಯ ಐಮೀರಿಯಾ ಮನುಷ್ಯರಿಗೆ ತಗುಲುವುದಿಲ್ಲ. ಆದರೆ ಕೆಲವು ಬಗೆಯ ಸಾಲ್ಮೊನೆಲ್ಲಾ ತಗುಲುತ್ತದೆ. ಮರಿ ಮುಟ್ಟಿದ ಮಕ್ಕಳು ಸೋಪಿನಿಂದ ಕೈ ತೊಳೆಯಲಿ. ಹಿತ್ತಿಲ ಕೋಳಿ ಹಲವು ಮನೆಗಳಲ್ಲಿ ಹೆಣ್ಣುಮಕ್ಕಳ ಕೈಖರ್ಚಿನ ಮೂಲ. ಬೆಳಿಗ್ಗೆ ಗೂಡು ತೆರೆದಾಗ ಹಿಕ್ಕೆಯತ್ತ ಒಮ್ಮೆ ಕಣ್ಣು ಹಾಯಿಸಿದರೆ ಆ ದುಡಿಮೆ ಮಳೆಯಲ್ಲಿ ಕೊಚ್ಚಿಹೋಗುವುದನ್ನು ತಪ್ಪಿಸಬಹುದು.