ವಯಸ್ಸೋ, ಯೋಗ್ಯತೆಯೋ?

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದು, ರಾಗಿಯ ಹೊಲಗಳಿದ್ದ ಕಡೆ ದೊಡ್ಡ ದೊಡ್ಡ ಕಾರ್ಖಾನೆಗಳು ನಿಂತಿರುವುದು ಸಂತೋಷದ ವಿಷಯವೇ ಸರಿ. ಆದರೆ ಕೆಲಸಕ್ಕೆ ಜನ ಬೇಕೆಂದು ಇಂತಹ ಕಡೆಗಳಿಂದ ಹೊರಡುವ ಪ್ರಕಟನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅಭ್ಯರ್ಥಿಯ ವಯಸ್ಸು ಹದಿನೆಂಟರಿಂದ ಇಪ್ಪತ್ತೈದು, ಹೆಚ್ಚೆಂದರೆ ಮೂವತ್ತು ಇರಬೇಕೆಂಬುದೇ ಆ ಮಾತು. ಹದಿನೈದು ವರ್ಷ ಯಂತ್ರದ ಮುಂದೆ ನಿಂತು ಕೈ ಪಳಗಿಸಿಕೊಂಡ ನಲವತ್ತರ ಕೆಲಸಗಾರನು ಬಾಗಿಲಿನಿಂದಲೇ ಹಿಂದಿರುಗಬೇಕು. ಅವನ ಕೆಲಸವನ್ನು ಯಾರೂ ನೋಡುವುದಿಲ್ಲ. ಹುಟ್ಟಿದ ವರ್ಷವನ್ನು ಮಾತ್ರ ನೋಡುತ್ತಾರೆ.

ವಯೋಮಿತಿಯೇ ಕೂಡದೆಂದು ನಾವು ಹೇಳುವುದಿಲ್ಲ. ನೂರಾರು ಜನರ ಪ್ರಾಣದ ಹೊಣೆ ಹೊತ್ತು ವಿಮಾನ ನಡೆಸುವ ವೈಮಾನಿಕನ ವೃತ್ತಿಯನ್ನೇ ತೆಗೆದುಕೊಳ್ಳೋಣ. ಅರವತ್ತು ತುಂಬಿದವರು ವಿಮಾನ ಕಂಪೆನಿಗಳ ವಿಮಾನಗಳನ್ನು ನಡೆಸಕೂಡದೆಂದು ಅಮೆರಿಕವು 1959ರಲ್ಲಿ ನಿಯಮ ಮಾಡಿತು. ದೀರ್ಘಕಾಲದ ವಾದವಿವಾದಗಳ ಮೇಲೆ, 2006ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯೂ 2007ರಲ್ಲಿ ಅಮೆರಿಕವೂ ಮಿತಿಯನ್ನು ಅರವತ್ತೈದಕ್ಕೆ ಏರಿಸಿದವು. ನಮ್ಮ ದೇಶದಲ್ಲಿಯೂ ಅರವತ್ತೈದೇ ಮಿತಿ. ಅರವತ್ತು ದಾಟಿದವನು ಆರು ತಿಂಗಳಿಗೊಮ್ಮೆ ವೈದ್ಯಪರೀಕ್ಷೆಗೆ ಒಳಗಾಗಬೇಕು. ಇಲ್ಲಿ ಮಿತಿಯು ಬಹಿರಂಗವಾಗಿದೆ, ಅದಕ್ಕೆ ಕಾರಣವಿದೆ, ಜೊತೆಗೆ ಪರೀಕ್ಷೆಯೂ ಇದೆ. ಹೀಗಿರುವಲ್ಲಿ, ಹತ್ತು ಸಾವಿರ ಗಂಟೆ ಹಾರಿದ ವೈಮಾನಿಕನಿಗೆ ಯಾವುದಾದರೂ ಕಂಪೆನಿಯು ಐವತ್ತರಲ್ಲಿಯೇ ಬಾಗಿಲು ಮುಚ್ಚಿದರೆ, ಅದಕ್ಕೆ ಸುರಕ್ಷತೆಯ ನೆಪ ಹೇಳಲಾಗದು. ಆಕಾಶದಲ್ಲಿ ಸಲ್ಲುವ ಈ ನ್ಯಾಯವು ನರಸಾಪುರದ ನೆಲದ ಮೇಲೆ ಸಲ್ಲಬಾರದೇಕೆ?

ಅನುಭವವು ಬೆಲೆ ಕಳೆದುಕೊಂಡರೆ ಏನಾಗುವುದೆಂಬುದನ್ನು ಈ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2001ನೆಯ ಇಸವಿ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಯು ಮುಚ್ಚಿತು. ನೆಲದಡಿಯಲ್ಲಿ ಮೂರು ಕಿಲೋಮೀಟರಿನಷ್ಟು ಆಳದ ಬಿಸಿ ಬಂಡೆಗಳ ನಡುವೆ ಕೊರೆಯುವುದನ್ನೂ, ಮದ್ದು ತುಂಬುವುದನ್ನೂ, ಆಸರೆ ಕಟ್ಟುವುದನ್ನೂ ಬಲ್ಲವರು ಒಂದೇ ದಿನದಲ್ಲಿ ಯಾರಿಗೂ ಬೇಡವಾದರು. ಅವರಲ್ಲಿ ಎಷ್ಟೋ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಯಾರದೋ ಬಾಗಿಲಲ್ಲಿ ಕಾವಲು ನಿಂತು ಸಂಸಾರ ಸಾಗಿಸಿದರು. ಆ ವಿದ್ಯೆಯು ಹೋದದ್ದು ಅವರಿಗೆ ಮಾತ್ರ ನಷ್ಟವಲ್ಲ, ದೇಶಕ್ಕೂ ನಷ್ಟವೇ. ಈಗ ಕಾರ್ಖಾನೆಗಳಿಗಾಗಿ ಭೂಮಿ ಬಿಟ್ಟುಕೊಟ್ಟ ರೈತನ ಸ್ಥಿತಿಯನ್ನು ನೋಡಿರಿ. ಭೂಮಿ ಹೋಗುವಾಗ ಅವನಿಗೆ ನಲವತ್ತು ವರ್ಷವಾಗಿದ್ದರೆ, ಆ ಭೂಮಿಯ ಮೇಲೆ ಎದ್ದ ಕಾರ್ಖಾನೆಯಲ್ಲಿ ಅವನಿಗೆ ಸ್ಥಳವಿಲ್ಲ. ಭೂಮಿ ಕೊಡಲು ಇಲ್ಲದ ವಯೋಮಿತಿಯು ದುಡಿಯಲು ಮಾತ್ರ ಏಕೆ?

ಕಾರ್ಖಾನೆಯವರ ವಾದವನ್ನೂ ಕೇಳೋಣ. ಸಣ್ಣ ಸಣ್ಣ ಬಿಡಿಭಾಗಗಳನ್ನು ಜೋಡಿಸಲು ಕಣ್ಣು ಚುರುಕಾಗಿರಬೇಕು, ರಾತ್ರಿಯ ಪಾಳಿಗೆ ದೇಹ ತಾಳಬೇಕು ಎನ್ನುತ್ತಾರೆ. ಒಪ್ಪೋಣ. ಹಾಗಾದರೆ ಕಣ್ಣನ್ನು ಪರೀಕ್ಷಿಸಲಿ, ದೇಹವನ್ನು ಪರೀಕ್ಷಿಸಲಿ, ಜನ್ಮಪತ್ರವನ್ನೇಕೆ ಪರೀಕ್ಷಿಸಬೇಕು? ಶ್ರೀನಿವಾಸಪುರದ ಮಾವಿನ ತೋಟಗಾರನು ಮರದ ವಯಸ್ಸನ್ನು ಲೆಕ್ಕ ಹಾಕಿ ಕೊಡಲಿ ಎತ್ತುವುದಿಲ್ಲ, ಫಸಲು ನೋಡುತ್ತಾನೆ. ಅನುಭವಿಯು ಅನುಭವಕ್ಕೆ ತಕ್ಕ ಸಂಬಳ ಕೇಳುತ್ತಾನೆ, ಹೊಸಬನು ಕೊಟ್ಟಷ್ಟಕ್ಕೆ ದುಡಿಯುತ್ತಾನೆ ಎಂಬುದೇ ಒಳಗಿನ ಕಾರಣವಾದರೆ, ಅದನ್ನು ವಯಸ್ಸಿನ ಹೆಸರಿನಲ್ಲಿ ಮರೆಮಾಡುವುದು ತರವಲ್ಲ.

ಕಾಯಿದೆಯ ಆಸರೆಯೂ ಇಲ್ಲಿ ದುರ್ಬಲವಾಗಿದೆ. ಸಂವಿಧಾನದ 16ನೆಯ ಅನುಚ್ಛೇದವು ಸರ್ಕಾರಿ ಉದ್ಯೋಗದಲ್ಲಿ ಮತ, ಜಾತಿ, ಲಿಂಗ, ಜನ್ಮಸ್ಥಳ ಮೊದಲಾದವುಗಳ ಮೇಲಿನ ತಾರತಮ್ಯವನ್ನು ನಿಷೇಧಿಸಿದೆ. ವಯಸ್ಸಿನ ಹೆಸರು ಅದರಲ್ಲಿಲ್ಲ. ನೇಮಕದಲ್ಲಿ ಸ್ತ್ರೀಪುರುಷ ಭೇದ ಕೂಡದೆಂದು 1976ರ ಸಮಾನ ಸಂಭಾವನೆ ಕಾಯಿದೆ ವಿಧಿಸಿತ್ತು; 2019ರ ವೇತನ ಸಂಹಿತೆಯೂ ಅದನ್ನೇ ಹೇಳಿದೆ. ವಯಸ್ಸಿನ ವಿಷಯದಲ್ಲಿ ಖಾಸಗಿ ಕಾರ್ಖಾನೆಯವರನ್ನು ತಡೆಯುವ ಇಂತಹ ವಿಧಿಯಿಲ್ಲ. ಅಮೆರಿಕದಲ್ಲಿಯಾದರೋ ನಲವತ್ತು ತುಂಬಿದವರಿಗೆ 1967ರಲ್ಲಿಯೇ ಕಾಯಿದೆಯ ರಕ್ಷಣೆ ದೊರೆಯಿತು. ನಮ್ಮ ರಾಜ್ಯ ಸರ್ಕಾರವು 2008ರಲ್ಲಿ ತನ್ನ ನೌಕರರ ನಿವೃತ್ತಿಯ ವಯಸ್ಸನ್ನು ಐವತ್ತೆಂಟರಿಂದ ಅರವತ್ತಕ್ಕೆ ಏರಿಸಿತು. ಕಚೇರಿಯಲ್ಲಿ ಅರವತ್ತರವರೆಗೆ ಶಕ್ತನಾದವನು ಕಾರ್ಖಾನೆಯ ಬಾಗಿಲಲ್ಲಿ ಮೂವತ್ತೊಂದಕ್ಕೇ ಮುದುಕನಾಗುವುದು ವಿಚಿತ್ರವಲ್ಲವೆ?

ಈ ಸೀಮೆಯ ಹಿರಿಯರನ್ನು ನೆನೆಯಿರಿ. ಹಿಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಕೆಲಸದಿಂದ ನಿವೃತ್ತರಾದ ಮೇಲೆ, 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು. ಅರವತ್ತು ದಾಟಿದ ಮೇಲೆ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ಮುಳಬಾಗಿಲಿನ ಡಿ. ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದಾಗ ಐವತ್ತೈದನ್ನು ದಾಟಿದ್ದರು. ಮಾಲೂರು ಸೀಮೆಯ ಮಾಸ್ತಿಯವರು ‘ಚಿಕವೀರ ರಾಜೇಂದ್ರ’ವನ್ನು 1956ರಲ್ಲಿ ಹೊರತಂದಾಗ ಅರವತ್ತು ಕಳೆದಿತ್ತು. ಜನ್ಮವರ್ಷ ನೋಡಿ ಇವರನ್ನು ಹಿಂದಕ್ಕೆ ಕಳುಹಿಸಿದ್ದರೆ ನಷ್ಟ ಯಾರದಾಗುತ್ತಿತ್ತು?

ಎಲ್ಲರೂ ವಿಶ್ವೇಶ್ವರಯ್ಯನವರಾಗಲಾರರು, ನಿಜ. ಆದರೆ ಕೆಲಸ ಬಲ್ಲವನಿಗೆ ಅದನ್ನು ಮಾಡಿ ತೋರಿಸುವ ಅವಕಾಶವನ್ನಾದರೂ ಕೊಡಬೇಕು. ಕಾರ್ಖಾನೆಗಳಿಗೆ ನೆಲ, ನೀರು, ವಿದ್ಯುತ್ತು, ರಿಯಾಯಿತಿಗಳನ್ನು ಕೊಡುವಾಗ ಸರ್ಕಾರದವರು ಎರಡು ಷರತ್ತುಗಳನ್ನು ಹಾಕಲಿ. ವಯೋಮಿತಿ ಇಡುವವರು ಅದರ ಕಾರಣವನ್ನು ಪ್ರಕಟನೆಯಲ್ಲಿಯೇ ತಿಳಿಸಬೇಕು. ಭೂಮಿ ಕೊಟ್ಟ ಮನೆಯವರಿಗೂ ಅನುಭವಿಗಳಿಗೂ ವಯಸ್ಸು ಕೇಳುವ ಮೊದಲು ಕೆಲಸದ ಪರೀಕ್ಷೆ ನಡೆಸಬೇಕು. ಇದರಿಂದ ತರುಣರಿಗೆ ಅನ್ಯಾಯವಾಗದು. ಇಂದಿನ ಇಪ್ಪತ್ತೈದರ ತರುಣನೇ ಹದಿನೈದು ವರ್ಷ ಕಳೆದ ಮೇಲೆ ಅದೇ ಬಾಗಿಲಲ್ಲಿ ನಿಲ್ಲುವ ನಲವತ್ತರ ಅನುಭವಿ.