ಮಳೆಯಲ್ಲಿ ತೊಯ್ದ ಸೊಪ್ಪು

ಕಕ್ಕಡ ತಿಂಗಳಲ್ಲಿ ಮಡಿಕೇರಿಯ ಮನೆಗಳಿಗೆ ಬರುವ ಸೊಪ್ಪು ನೀರು ತೊಟ್ಟಿಕ್ಕುತ್ತಲೇ ಬರುತ್ತದೆ. ಕೆಸುವಿನ ಎಲೆ, ತೆರ್ಮೆ ಸೊಪ್ಪು, ಗದ್ದೆಯ ಬದುವಿನ ಒಂದೆಲಗ, ಇವೆಲ್ಲವೂ ಹಗಲಿರುಳು ಮಳೆಯಲ್ಲಿ ನೆನೆದವುಗಳಾದ್ದರಿಂದ ಇನ್ನು ತೊಳೆಯತಕ್ಕದ್ದೇನಿದೆ ಎಂದು ಅನೇಕ ಗೃಹಿಣಿಯರು ಭಾವಿಸುವುದುಂಟು. ನಾವೂ ಹಾಗೆಯೇ ಭಾವಿಸಿದ್ದೆವು.

ಒಂದು ವರ್ಷ ನಮ್ಮ ಮನೆಯಲ್ಲಿ ಒಂದೆಲಗವನ್ನು ಒಂದೇ ಸಾರಿ ನೀರಿನಲ್ಲಿ ಅದ್ದಿ ತೆಗೆದು, ತೆಂಗಿನಕಾಯಿಯೊಡನೆ ಅರೆದು ಹಸಿ ಚಟ್ನಿ ಮಾಡಿದೆವು. ಅಕ್ಕಿರೊಟ್ಟಿಯೊಡನೆ ಅದನ್ನು ತಿಂದ ನಾಲ್ವರಿಗೂ ಮರುದಿನ ಹೊಟ್ಟೆನುಲಿತ, ವಾಂತಿಭೇದಿ, ಜ್ವರಗಳು ಉಂಟಾದವು. ಎಂಟು ವರ್ಷದ ಹುಡುಗಿಯನ್ನು ಮೂರು ದಿನ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು. ಖಾರವೆಂದು ಚಟ್ನಿಯನ್ನು ಮುಟ್ಟದೆ ಬೆಲ್ಲದೊಡನೆ ರೊಟ್ಟಿ ತಿಂದ ಕಿರಿಯ ಮಗುವೊಂದೇ ಸುಖವಾಗಿತ್ತು.

ಮಳೆಯು ಸೊಪ್ಪನ್ನು ತೊಳೆಯುವುದಕ್ಕಿಂತ ಹೆಚ್ಚಾಗಿ ಮಲಿನಪಡಿಸುತ್ತದೆ. ಯಾತಕ್ಕೆಂದರೆ ನೆಲಕ್ಕೆ ಬಡಿದ ಹನಿಯು ಮಣ್ಣನ್ನೂ ಸಗಣಿಯ ಕಣಗಳನ್ನೂ ಮೇಲಕ್ಕೆ ಚಿಮ್ಮಿಸಿ ಎಲೆಯ ಹಿಂಬದಿಗೆ ಅಂಟಿಸುತ್ತದೆ. ಕೊಟ್ಟಿಗೆಯ ಮತ್ತು ಕಕ್ಕಸಿನ ಸುತ್ತಣ ನೆಲವನ್ನು ತೊಳೆದುಕೊಂಡು ಹರಿದ ನೀರು ತಗ್ಗಿನ ಗದ್ದೆಗೆ ಇಳಿಯುತ್ತದೆ. ಒಂದೆಲಗವಾದರೋ ನೆಲಕ್ಕಂಟಿ ಹಬ್ಬುವ ಗಿಡ. ಸಾಲ್ಮೊನೆಲ್ಲಾ ಮೊದಲಾದ ಸೂಕ್ಷ್ಮಕ್ರಿಮಿಗಳಿಗೆ ಇದಕ್ಕಿಂತ ಸುಲಭವಾದ ದಾರಿ ಬೇರೆ ಬೇಕಿಲ್ಲ. ಕೆಸುವನ್ನೂ ತೆರ್ಮೆಯನ್ನೂ ನಾವು ಚೆನ್ನಾಗಿ ಬೇಯಿಸುವುದರಿಂದ ಅವುಗಳ ಮೇಲಣ ಕ್ರಿಮಿಗಳು ಸಾಯುತ್ತವೆ. (ಕೆಸುವಿನ ತುರಿಕೆಯೂ ಕಣಿಲೆಯ ವಿಷವೂ ಬೇರೆ ವಿಷಯ, ಅವುಗಳಿಗೆ ಹುಳಿ ಹಾಕುವುದನ್ನೂ ದಿನದಿನವೂ ನೀರು ಬದಲಿಸಿ ನೆನೆಸುವುದನ್ನೂ ನಮ್ಮ ಅಜ್ಜಿಯರೇ ಕಲಿಸಿದ್ದಾರೆ.) ಹಸಿಯಾಗಿ ತಿನ್ನುವುದಕ್ಕೆ ಮಾತ್ರ ಬೆಂಕಿಯ ರಕ್ಷಣೆಯಿಲ್ಲ.

ಹಂದಿಮಾಂಸಕ್ಕೆ ಹೆಸರಾದ ನಮ್ಮ ಕೊಡಗಿನಲ್ಲಿ ಇನ್ನೊಂದು ಸಂಗತಿಯನ್ನು ತಾಯಂದಿರು ತಿಳಿದಿರಬೇಕು. ಅರೆಬೆಂದ ಹಂದಿಮಾಂಸದಿಂದ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆಂಬುದು ನಿಜ. ಆದರೆ ಮೆದುಳಿನಲ್ಲಿ ಗುಳ್ಳೆಕಟ್ಟಿ ಮೂರ್ಛೆರೋಗವನ್ನು ತರುವುದು, ಆ ಹುಳುವಿರುವ ಮನುಷ್ಯನ ಮಲದಿಂದ ಸೊಪ್ಪಿಗೂ ನೀರಿಗೂ ಬೆರಳಿಗೂ ಅಂಟುವ ಅದರ ತತ್ತಿಯೇ. ಆದಕಾರಣ ಜೀವಮಾನದಲ್ಲಿ ಮಾಂಸ ಮುಟ್ಟದವರಿಗೂ ಈ ರೋಗ ಬರುವುದುಂಟು. ಹಿಂದೆ ದೊರೆಸಾನಿಯರ ಅಡುಗೆಮನೆಗಳಲ್ಲಿ ಹಸಿ ತರಕಾರಿಯನ್ನು ಪೊಟಾಸಿಯಂ ಪರ್ಮಾಂಗನೇಟಿನ ಕೆಂಪು ನೀರಿನಲ್ಲಿ ನೆನೆಸುತ್ತಿದ್ದರು. ಗಟ್ಟಿ ಚಿಪ್ಪಿನ ಈ ತತ್ತಿಗಳು ಅಂಥದ್ದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅವುಗಳನ್ನು ಉಜ್ಜಿ ತೊಳೆದು ಕಳೆಯಬೇಕು, ಇಲ್ಲವೇ ಬೇಯಿಸಬೇಕು.

ತೊಳೆಯುವ ಕ್ರಮವು ಹೀಗೆ. ಮೊದಲು ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಬೇರನ್ನೂ ಕೊಳೆತ ಎಲೆಯನ್ನೂ ತೆಗೆದುಹಾಕಿ, ಅಗಲವಾದ ಪಾತ್ರೆಯಲ್ಲಿ ಧಾರಾಳವಾದ ನೀರಿನಲ್ಲಿ ಸೊಪ್ಪನ್ನು ಅಲುಗಾಡಿಸಬೇಕು. ನೀರನ್ನು ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿನ ಮೇಲೆಯೇ ಕೂರುತ್ತದೆ. ಸೊಪ್ಪನ್ನೇ ಮೇಲಕ್ಕೆತ್ತಿ ತೆಗೆಯಬೇಕು. ತಳದಲ್ಲಿ ಕೆಸರು ಕಾಣದವರೆಗೂ ನೀರು ಬದಲಿಸಿ, ಕಡೆಗೆ ಎಲೆಯೆಲೆಯಾಗಿ ಧಾರೆಯ ಕೆಳಗೆ ಹಿಡಿದು ಬೆರಳಿನಿಂದ ಉಜ್ಜಬೇಕು. ಹೆಚ್ಚಿದ ಮೇಲೆ ತೊಳೆಯುವುದಲ್ಲ, ತೊಳೆದ ಮೇಲೆ ಹೆಚ್ಚುವುದು. ಸೌತೆಕಾಯಿಯ ಸಿಪ್ಪೆ ತೆಗೆಯುವುದಾದರೂ ಮೊದಲು ತೊಳೆಯಬೇಕು. ಇಲ್ಲವಾದರೆ ಕತ್ತಿಯೇ ಹೊರಗಿನ ಕೊಳೆಯನ್ನು ಒಳಕ್ಕೆ ಒಯ್ಯುತ್ತದೆ. ಹಸಿ ಮಾಂಸ ಕೊಯ್ದ ಕತ್ತಿಯಿಂದ ಕೋಸಂಬರಿಗೆ ಹೆಚ್ಚಬಾರದು. ಹಸಿಯಾಗಿ ತಿನ್ನುವುದಕ್ಕೆ ಕಡೆಯ ನೀರು ಕುದಿಸಿ ಆರಿಸಿದ್ದಾಗಿರಲಿ.

ಇಷ್ಟಾದರೂ ತೊಳೆಯುವುದರಿಂದ ಕ್ರಿಮಿಗಳು ಕಡಿಮೆಯಾಗುತ್ತವೆಯೇ ಹೊರತು ನಿಶ್ಶೇಷವಾಗುವುದಿಲ್ಲ. 2011ರಲ್ಲಿ ಜರ್ಮನಿ ದೇಶದಲ್ಲಿ ಮೊಳಕೆ ಬರಿಸಿದ ಮೆಂತ್ಯವನ್ನು ಹಸಿಯಾಗಿ ತಿಂದು ಸುಮಾರು 50 ಮಂದಿ ಸತ್ತರು, ಸಾವಿರಾರು ಜನರು ಕಾಯಿಲೆ ಬಿದ್ದರು. ಅಲ್ಲಿ ದೋಷವು ಬಿತ್ತಿದ ಬೀಜದಲ್ಲಿಯೇ ಇತ್ತೆಂದು ಕಂಡುಬಂತು. ಮಕ್ಕಳಿಗೂ ಬಸುರಿಯರಿಗೂ ವೃದ್ಧರಿಗೂ ಬೇಯಿಸಿದ್ದನ್ನೇ ಕೊಡುವುದು ಲೇಸು.

ಭೇದಿ ಹಿಡಿದ ಮಗುವಿಗೆ ಅಪಾಯವು ಮುಖ್ಯವಾಗಿ ದೇಹದ ನೀರು ಬತ್ತುವುದರಿಂದ. ಅಂಗಡಿಯ ಓ.ಆರ್.ಎಸ್. ಪೊಟ್ಟಣ ಉತ್ತಮ, ಅದು ಸಿಕ್ಕದಿದ್ದರೆ ಕುದಿಸಿ ಆರಿಸಿದ 1 ಲೀಟರು ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮಗು ಜೋಮು ಹಿಡಿದಂತೆ ಮಲಗಿದರೆ, ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ನಾವು ಅರ್ಧ ದಿನ ಕಷಾಯವನ್ನೇ ನಂಬಿ ಕುಳಿತಿದ್ದೆವು.

ಆ ವರ್ಷದಿಂದ ನಮ್ಮ ಮನೆಯಲ್ಲಿ ಒಂದೆಲಗವನ್ನು ತೊಳೆದು ಬೇಯಿಸಿಯೇ ತಂಬುಳಿಗೆ ಅರೆಯುತ್ತೇವೆ. ಆ ಹುಡುಗಿಯು ಮಾತ್ರ, ಹಸಿ ಚಟ್ನಿಯ ರುಚಿ ಇದಕ್ಕೆಲ್ಲಿಂದ ಬರಬೇಕೆಂದು ಇಂದಿಗೂ ಕೇಳುತ್ತಾಳೆ.