ಟ್ರಂಕಿನೊಳಗಿನ ಚಿತ್ರಕಥೆಗಳನ್ನು ಕಾಪಾಡುವುದು ಹೇಗೆ?

ಕಳೆದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ನಾನು ದರಿಬಡಚಿಯಲ್ಲಿದ್ದೆ. ಇದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿಗೆ ಸೇರಿದ ಊರು. ಕಚೇರಿಯ ಕಾಗದಪತ್ರಗಳು ಮರಾಠಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಅಲ್ಲಿ ನನಗೆ ಪರಿಚಯದ ನಿವೃತ್ತ ಕನ್ನಡ ಶಾಲಾ ಮಾಸ್ತರರೊಬ್ಬರಿದ್ದಾರೆ. ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಊಟ ಮುಗಿದ ಮೇಲೆ ಅವರು ಮಂಚದ ಕೆಳಗಿನಿಂದ ತಗಡಿನ ಟ್ರಂಕೊಂದನ್ನು ಎಳೆದು ನನ್ನ ಮುಂದಿಟ್ಟರು.

"ಫಾದರ್, ನೀವು ಪುಸ್ತಕದ ಮಂದಿ. ಇವನ್ನೊಂದೀಟು ನೋಡ್ರಿ. ಏನ್ ಮಾಡ್ಬೇಕು ಅನ್ನೂದು ತಿಳೀವಲ್ದಾಗೇತಿ" ಎಂದರು.

ಮುಚ್ಚಳ ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಕನ್ನಡದ ಅಮರ ಚಿತ್ರಕಥೆಗಳು, ಇಂದ್ರಜಾಲ ಕಾಮಿಕ್ಸ್, ಚಂದಮಾಮದ ಹಳೆಯ ಸಂಚಿಕೆಗಳು! ಒಟ್ಟು ಇನ್ನೂರರಷ್ಟು ಇದ್ದಿರಬಹುದು. ಮಾಸ್ತರರು ಕೆಲಸಕ್ಕೆ ಸೇರಿದ ಹೊಸದರಲ್ಲಿ ವಿಜಯಪುರಕ್ಕೆ ಹೋದಾಗಲೆಲ್ಲ ಒಂದೊಂದಾಗಿ ಕೊಂಡು ತಂದವು. ಪಠ್ಯಪುಸ್ತಕ ಕಂಡರೆ ಓಡಿಹೋಗುತ್ತಿದ್ದ ಹುಡುಗರು ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ಕುಳಿತು ಈ ಪುಸ್ತಕಗಳಿಂದಲೇ ಓದು ಕಲಿತರಂತೆ.

ಈಗ ಮನೆಯಲ್ಲಿ ಮೂರು ಅಭಿಪ್ರಾಯಗಳು. ಎಲ್ಲವನ್ನೂ ಲ್ಯಾಮಿನೇಶನ್ ಮಾಡಿಸಿಬಿಡೋಣ ಎಂಬುದು ಮಗನ ಸಲಹೆ. "ಮಕ್ಕಳು ಓದ್ಲಿ, ಕೊಡ್ರಿ ಮಾವಾರ" ಎಂಬುದು ಸೊಸೆಯ ಮಾತು. ಮೊಮ್ಮಗನದು ಇನ್ನೊಂದು. "ಮುತ್ಯಾ, ಮಾರೂಣು. ಹಳೇ ಕಾಮಿಕ್ಸಿಗೆ ಭಾಳ ರೊಕ್ಕ ಬರ್ತೈತಂತ!" ಮೂರೂ ಬೇಡವೆಂದು ಟ್ರಂಕಿಗೆ ಬೀಗ ಹಾಕಿಟ್ಟವರು ಮಾಸ್ತರರು.

ಪ್ರಿಯ ಓದುಗರೇ, ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಪೆಟ್ಟಿಗೆ ಇದ್ದೀತು. ಆದ್ದರಿಂದ ಅಂದು ಅವರೊಡನೆ ಕುಳಿತು ಮಾಡಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಾನು ಕಳೆದುಕೊಂಡ ಗಂಟು

ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನು ಹುಟ್ಟಿದ್ದು ಕರಾವಳಿಯಲ್ಲಿ. ಗುರುಮಠಕ್ಕೆ ಸೇರುವ ಮುನ್ನ ನನ್ನ ಬಳಿ ಅರುವತ್ತಕ್ಕೂ ಹೆಚ್ಚು ಚಿತ್ರಕಥೆ ಪುಸ್ತಕಗಳಿದ್ದವು. ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಅಟ್ಟದ ಮೇಲೆ ಗೋಡೆಗೆ ಒತ್ತಿಟ್ಟು ಹೋದೆ. ಎರಡು ಮಳೆಗಾಲ ಕಳೆದು ರಜೆಗೆ ಬಂದು ಬಿಚ್ಚಿದಾಗ ಒಳಗಿದ್ದದ್ದು ಬೂಷ್ಟು ಹಿಡಿದ ಒಂದು ಮುದ್ದೆ. ಅಡಿಭಾಗವನ್ನು ಗೆದ್ದಲು ತಿಂದು ಮುಗಿಸಿತ್ತು. ಅಮ್ಮ ಕಣ್ಣೀರು ಹಾಕಿದರು. ಆ ಗಂಟಿನಲ್ಲಿ ಏನಿದೆ ಎಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಹೇಳಿದ್ದರೆ ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡುತ್ತಿದ್ದರು.

ಮುಂದೆ ಗುರುಮಠದಲ್ಲಿ ಎರಡು ವರ್ಷ ಗ್ರಂಥಾಲಯದ ಕೆಲಸ ನನ್ನ ಪಾಲಿಗೆ ಬಂತು. ಕಾಗದ ಹೇಗೆ ಸಾಯುತ್ತದೆ, ಹೇಗೆ ಉಳಿಯುತ್ತದೆ ಎಂಬುದನ್ನು ಕಲಿತದ್ದು ಅಲ್ಲಿ.

ಇವುಗಳ ಬೆಲೆ ಏನು?

ಅಮರ ಚಿತ್ರಕಥೆಯ ಹುಟ್ಟಿನಲ್ಲಿ ಕನ್ನಡಕ್ಕೆ ದೊಡ್ಡ ಪಾಲಿದೆ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ 1965ರಲ್ಲಿ ಇಂಥ ಪುಸ್ತಕಗಳನ್ನು ಕನ್ನಡದಲ್ಲಿ ತರಲು ಮುಂದಾದರು. ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲ್ಲಾದಂಥ ಪಾಶ್ಚಾತ್ಯ ಕಥೆಗಳು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಭಾರತೀಯ ಕಥೆಗಳ ಮಾಲೆಯನ್ನು ಆರಂಭಿಸಿದರು. ಅದರ ಮೊದಲ ಪುಸ್ತಕ 'ಕೃಷ್ಣ'ಕ್ಕೆ ಹನ್ನೊಂದನೆಯ ಸಂಖ್ಯೆ ಬಂದದ್ದು ಈ ಕಾರಣದಿಂದ. ಮುಂದೆ ಇದೇ ಮಾಲೆಯಲ್ಲಿ ಯೇಸುಕ್ರಿಸ್ತರ ಜೀವನವೂ ಮದರ್ ತೆರೇಸಾರ ಜೀವನವೂ ಚಿತ್ರಕಥೆಯಾಗಿ ಬಂದವು. ಫ್ಯಾಂಟಮ್, ಮಾಂಡ್ರೇಕರನ್ನು ನಮ್ಮ ಮನೆಗಳಿಗೆ ತಂದ ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಆರಂಭವಾಗಿ 1990ರಲ್ಲಿ ನಿಂತುಹೋಯಿತು. 1949ರಿಂದ ಕನ್ನಡದಲ್ಲಿ ಬರುತ್ತಿದ್ದ ಚಂದಮಾಮವೂ ಈಗ ಇಲ್ಲ. ನಿಂತುಹೋದದ್ದು ಮತ್ತೆ ಅಂಗಡಿಗೆ ಬರುವುದಿಲ್ಲ. ಹಾಗಾಗಿಯೇ ಉಳಿದ ಪ್ರತಿಗಳಿಗೆ ಸಂಗ್ರಾಹಕರು ಹುಡುಕುತ್ತಾರೆ.

ಮೊಮ್ಮಗನ ಮಾತು ಸುಳ್ಳೇನಲ್ಲ. 1939ರಲ್ಲಿ ಅಮೆರಿಕದಲ್ಲಿ ಹತ್ತು ಸೆಂಟಿಗೆ ಮಾರಾಟವಾದ 'ಸೂಪರ್‌ಮ್ಯಾನ್' ಮೊದಲ ಸಂಚಿಕೆಯ ಒಂದು ಪ್ರತಿ 2025ರ ನವೆಂಬರಿನಲ್ಲಿ 91 ಲಕ್ಷ 20 ಸಾವಿರ ಡಾಲರಿಗೆ, ಅಂದರೆ 80 ಕೋಟಿ ರೂಪಾಯಿಗೂ ಹೆಚ್ಚಿನ ಬೆಲೆಗೆ ಹರಾಜಾಯಿತು. ಆ ಪ್ರತಿ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಒಂದು ಮನೆಯ ಅಟ್ಟದಲ್ಲಿ. ತೀರಿಕೊಂಡ ತಾಯಿಯ ಮನೆಯನ್ನು ತೆರವು ಮಾಡುತ್ತಿದ್ದ ಮೂವರು ಅಣ್ಣತಮ್ಮಂದಿರಿಗೆ, ಹಳೆಯ ಪತ್ರಿಕೆಗಳ ಅಡಿಯಲ್ಲಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಅದು ಕಂಡಿತು. ಆ ಸೀಮೆಯ ತಂಪು ಹವೆ ಕಾಗದವನ್ನು ಉಳಿಸಿತ್ತು. ಮತ್ತೊಂದು ಕಾರಣವೂ ಇದೆ. ತನ್ನ ಬಳಿ ಬೆಲೆಬಾಳುವ ಹಳೆಯ ಕಾಮಿಕ್ಸ್ ಇವೆಯೆಂದು ತಾಯಿ ಬದುಕಿದ್ದಾಗ ಮಕ್ಕಳಿಗೆ ಹೇಳಿದ್ದರು. ಹೇಳದೆ ಹೋಗಿದ್ದರೆ ಆ ಪೆಟ್ಟಿಗೆ ರದ್ದಿಯವನ ಪಾಲಾಗುತ್ತಿತ್ತೋ ಏನೋ!

ನಮ್ಮ ಕನ್ನಡದ ಪ್ರತಿಗಳಿಗೆ ಕೋಟಿಗಳೇನೂ ಬರುವುದಿಲ್ಲ. ಆದರೆ ಬೆಲೆಯನ್ನು ನಿರ್ಧರಿಸುವ ಅಂಶಗಳು ಎಲ್ಲೆಡೆ ಒಂದೇ: ಮೊದಲ ಮುದ್ರಣವೋ ಮರುಮುದ್ರಣವೋ, ಹೊದಿಕೆ ಇದೆಯೋ ಇಲ್ಲವೋ, ಎಲ್ಲ ಪುಟಗಳಿವೆಯೋ, ಕಾಗದ ಯಾವ ಸ್ಥಿತಿಯಲ್ಲಿದೆ.

ಕಾಗದದ ಶತ್ರುಗಳು

ಹಳೆಯ ಕಾಮಿಕ್ಸ್‌ನ ಕಾಗದ ಬಹುಮಟ್ಟಿಗೆ ಅಗ್ಗದ್ದು, ಮರದ ತಿರುಳನ್ನು ಅರೆದು ಮಾಡಿದ್ದು. ಅದರಲ್ಲಿ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ. ಬೆಳಕು, ಗಾಳಿ, ಶಾಖ ತಾಗಿದಂತೆ ಅದು ಹಳದಿಯಾಗುತ್ತದೆ. ಕಾಗದದೊಳಗೇ ಆಮ್ಲ ಹುಟ್ಟಿ, ಪುಟ ಹಪ್ಪಳದಂತೆ ಮುರಿಯತೊಡಗುತ್ತದೆ. ಇದನ್ನು ಪೂರ್ತಿ ನಿಲ್ಲಿಸಲಾಗದು, ನಿಧಾನಗೊಳಿಸಬಹುದು.

ಗಾಳಿಯ ತೇವಾಂಶ ನೂರಕ್ಕೆ ಅರುವತ್ತೈದನ್ನು ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ, ಪಿನ್ನುಗಳು ತುಕ್ಕು ಹಿಡಿಯುತ್ತವೆ. ಮಂಗಳೂರು, ಉಡುಪಿಯ ಕಡೆಯವರಿಗೆ ಇದೇ ದೊಡ್ಡ ಚಿಂತೆ. ಈ ವಿಷಯದಲ್ಲಿ ದರಿಬಡಚಿ ಪುಣ್ಯವಂತ ಊರು. ರೈತನನ್ನು ಕಾಡುವ ಒಣಹವೆಯೇ ಮಾಸ್ತರರ ಪುಸ್ತಕಗಳನ್ನು ಬೂಷ್ಟಿನಿಂದ ಉಳಿಸಿದೆ. ಆದರೆ ಅಲ್ಲಿಯ ಶತ್ರುಗಳು ಬೇರೆ: ಪತ್ರಾಸಿನ ಸೂರಿನಡಿಯ ಕಾವು, ಧೂಳು, ಮಣ್ಣಿನ ಗೋಡೆಯಿಂದ ಬರುವ ಗೆದ್ದಲು, ಇಲಿ, ಹೊದಿಕೆಯನ್ನು ಕೆರೆದು ತಿನ್ನುವ ಬೆಳ್ಳಿಬಣ್ಣದ ಪುಸ್ತಕದ ಹುಳು. ಹುಳು ತಿನ್ನುವ, ತುಕ್ಕು ಹಿಡಿಯುವ ಸಂಪತ್ತಿನ ಬಗ್ಗೆ ಪ್ರಭು ಯೇಸು ಎಚ್ಚರಿಸಿದ್ದು ನನಗೆ ಆ ಟ್ರಂಕಿನ ಮುಂದೆ ಅಕ್ಷರಶಃ ನೆನಪಾಯಿತು.

ನಾವು ಮಾಡಿದ್ದು

ಮೊದಲು ಹೊರಸಿನ ಮೇಲೆ ಒಗೆದ ಬಿಳಿ ಪಂಚೆ ಹಾಸಿ, ಕೈತೊಳೆದು ಒರೆಸಿಕೊಂಡು, ಪುಸ್ತಕಗಳನ್ನು ಒಂದೊಂದಾಗಿ ಹೊರತೆಗೆದೆವು. ರಬ್ಬರ್ ಬ್ಯಾಂಡುಗಳು ಕರಗಿ ಹೊದಿಕೆಗೆ ಅಂಟಿದ್ದವು. ಬಿಡಿಸಿ ಎಸೆದೆವು. ಟ್ರಂಕಿನ ತಳಕ್ಕೆ ಹಾಸಿದ್ದ ದಿನಪತ್ರಿಕೆಯನ್ನೂ ತೆಗೆದೆವು. ಅದರ ಆಮ್ಲ ಪಕ್ಕದ ಪುಸ್ತಕಕ್ಕೂ ಇಳಿಯುತ್ತದೆ. ನುಸಿಗುಳಿಗೆಯ ಹೊಗೆ ಪುಸ್ತಕಕ್ಕಿಂತ ಮನೆಯವರ ಆರೋಗ್ಯಕ್ಕೇ ಕೆಟ್ಟದ್ದು. ಅದೂ ಹೊರಗೆ ಹೋಯಿತು. ಮೆತ್ತನೆಯ ಕುಂಚದಿಂದ, ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಧೂಳು ಒರೆಸಿದೆವು.

"ಒಂದ್ ತಾಸು ಬಿಸ್ಲಾಗ ಹರವಿದ್ರ?" ಎಂದು ಕೇಳಿದರು ಮಾಸ್ತರರು. ಕಾಳುಕಡಿಗೆ ಬಿಸಿಲು ಒಳ್ಳೆಯದು, ಬಣ್ಣದ ಕಾಗದಕ್ಕೆ ಅದೇ ವೈರಿ. ನೆರಳಿನಲ್ಲಿ, ಗಾಳಿಯಾಡುವ ಪಡಸಾಲೆಯಲ್ಲಿ ಹರವಿದೆವು.

ಪ್ರತಿಯೊಂದು ಪುಸ್ತಕಕ್ಕೂ ಒಂದು ಪಾಲಿಪ್ರಾಪಿಲೀನ್ ಇಲ್ಲವೇ ಪಾಲಿಯೆಸ್ಟರ್ ಲಕೋಟೆ, ಬೆನ್ನಿಗೆ ಆಮ್ಲರಹಿತ ರಟ್ಟು ಇದ್ದರೆ ಉತ್ತಮ. ಪಿವಿಸಿ ಹಾಳೆ ಬೇಡವೇ ಬೇಡ. ಅದು ಕಾಲಕ್ರಮದಲ್ಲಿ ಅಂಟಂಟಾಗಿ ಮುದ್ರಣದ ಬಣ್ಣವನ್ನೇ ಕಿತ್ತುಕೊಳ್ಳುತ್ತದೆ. ಲಕೋಟೆಯೊಳಗೆ ಹಾಕುವ ಮುನ್ನ ಪುಸ್ತಕ ಪೂರ್ತಿ ಒಣಗಿರಬೇಕು. ಇಲ್ಲವಾದರೆ ನನ್ನ ಗಂಟಿನ ಗತಿಯೇ ಅದಕ್ಕೂ.

ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ನಾಲ್ಕಾರು ವರ್ಷಕ್ಕೆ ಅದು ಕಂದು ಕಲೆಯಾಗುತ್ತದೆ. ಲ್ಯಾಮಿನೇಶನ್ ಇನ್ನೂ ಅಪಾಯಕಾರಿ. ಬಿಸಿಯಿಂದ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು, ಸಂಗ್ರಾಹಕನ ಕಣ್ಣಿನಲ್ಲಿ ಆ ಪುಸ್ತಕದ ಬೆಲೆಯೂ ಹೋಯಿತು. ಮಗ ಇದನ್ನು ಕೇಳಿ, "ನಾಳೀನೇ ಒಯ್ಯಾಂವ ಇದ್ನಲ್ರೀ ಫಾದರ್!" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡ.

ಹುಳು ಹಿಡಿದಿದ್ದ ನಾಲ್ಕು ಪುಸ್ತಕಗಳನ್ನು ಬೇರೆ ಮಾಡಿದೆವು. ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಮುಚ್ಚಿ, ಚೆನ್ನಾಗಿ ಹೆಪ್ಪುಗಟ್ಟಿಸುವ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳುಗಳು ಸಾಯುತ್ತವೆ. ಹೊರತೆಗೆದ ಮೇಲೆ ಒಂದು ದಿನ ಹಾಗೆಯೇ ಬಿಟ್ಟು ಆಮೇಲೆ ಚೀಲ ಬಿಚ್ಚಬೇಕು. ಮಳೆನೀರಿನಲ್ಲಿ ನೆನೆದ ಪುಸ್ತಕಕ್ಕೆ ಬೇರೆ ಉಪಚಾರ. ಪುಟಗಳ ನಡುವೆ ಬ್ಲಾಟಿಂಗ್ ಕಾಗದ ಇಟ್ಟು ಬದಲಿಸುತ್ತ, ಫ್ಯಾನಿನ ಗಾಳಿಯಲ್ಲಿ ಒಣಗಿಸಬೇಕು. ಎರಡು ದಿನ ತಡವಾದರೆ ಬೂಷ್ಟು ಶುರು.

ತಗಡಿನ ಟ್ರಂಕನ್ನು ಬಿಡಬೇಕಾಗಿಲ್ಲ. ಇಲಿಗೂ ಗೆದ್ದಲಿಗೂ ಅದು ಒಳ್ಳೆಯ ತಡೆ. ತುಕ್ಕನ್ನು ಉಜ್ಜಿ ತೆಗೆದು, ಬಣ್ಣ ಬಳಿದು, ಬಣ್ಣದ ವಾಸನೆ ಪೂರ್ತಿ ಹೋದ ಮೇಲೆ ಪುಸ್ತಕಗಳನ್ನು ನೆಟ್ಟಗೆ, ಬಾಗದಂತೆ ಒತ್ತಾಗಿ ಜೋಡಿಸಿದರಾಯಿತು. ಟ್ರಂಕು ನೆಲ ಬಿಟ್ಟು ಅರ್ಧ ಅಡಿ ಮೇಲೆ, ಗೋಡೆಯಿಂದ ಒಂದು ಗೇಣು ದೂರ, ಮನೆಯ ಎಲ್ಲಕ್ಕಿಂತ ತಂಪಾದ ಒಳಕೋಣೆಯಲ್ಲಿರಬೇಕು. ಅಟ್ಟದಲ್ಲಿ ಬೇಡ, ಅಡುಗೆಮನೆಯ ಹತ್ತಿರವೂ ಬೇಡ. ನಮ್ಮ ಹಿರಿಯರು ಓಲೆಗರಿಗಳ ಕಟ್ಟಿನಲ್ಲಿ ಬಜೆಯನ್ನೂ ಕಾಳಿನಲ್ಲಿ ಬೇವನ್ನೂ ಇಡುತ್ತಿದ್ದರು. ನೀವೂ ಒಣಗಿದ ಬೇವಿನೆಲೆಯನ್ನೋ ಬಜೆಯ ತುಂಡನ್ನೋ ಬಟ್ಟೆಯಲ್ಲಿ ಕಟ್ಟಿ, ಪುಸ್ತಕಕ್ಕೆ ತಾಗದಂತೆ ಮೂಲೆಯಲ್ಲಿಡಬಹುದು. ಆದರೆ ಅದನ್ನೇ ನಂಬಿ ಕೂರಬೇಡಿ. ಮೂರು ತಿಂಗಳಿಗೊಮ್ಮೆ ತೆರೆದು ನೋಡುವುದೇ ದೊಡ್ಡ ಔಷಧ. ಹಗೇವಿನಲ್ಲಿ ಜೋಳ ತುಂಬಿದ ರೈತ ಅದನ್ನು ಮರೆತುಬಿಡುತ್ತಾನೆಯೇ?

ಯಾರಿಗಾಗಿ?

ಇಷ್ಟೆಲ್ಲ ಆದ ಮೇಲೂ ಮಾಸ್ತರರ ಪ್ರಶ್ನೆ ಉಳಿದೇ ಇತ್ತು. ಬೀಗ ಹಾಕಿದರೆ ಪುಸ್ತಕ ಉಳಿಯುತ್ತದೆ, ಓದುಗ ಉಳಿಯುವುದಿಲ್ಲ. ಓದಲು ಕೊಟ್ಟರೆ ಓದುಗ ಉಳಿಯುತ್ತಾನೆ, ಪುಸ್ತಕ ಹರಿಯುತ್ತದೆ. ಮೊಮ್ಮಗ ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡುತ್ತಾನೆ, ಓದುವಾಗ ಮಾತ್ರ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ. ಅವನು ಹೋಗುವ ಶಾಲೆಯ ಮಾಧ್ಯಮ ಬೇರೆ. ಕನ್ನಡ ಪುಸ್ತಕದಂಗಡಿ ಸುಲಭಕ್ಕೆ ಸಿಗದ ಗಡಿಯ ಊರಿನಲ್ಲಿ ಈ ಟ್ರಂಕು ಒಂದು ಸಣ್ಣ ಶಾಲೆಯೇ ಅಲ್ಲವೇ?

ಕೊನೆಗೆ ಎಲ್ಲರೂ ಕೂಡಿ ಪುಸ್ತಕಗಳನ್ನು ಮೂರು ಪಾಲು ಮಾಡಿದೆವು. ಅಪರೂಪದವು, ಮೊದಲ ಮುದ್ರಣದವು, ಚೆನ್ನಾಗಿರುವವು ಲಕೋಟೆ ಸೇರಿ ಟ್ರಂಕಿನೊಳಗೆ. ಎರಡೆರಡು ಪ್ರತಿ ಇರುವವು, ಹೊದಿಕೆ ಹೋದವು ಮಕ್ಕಳ ಕೈಗೆ, ಕಪಾಟಿನ ಕೆಳಗಿನ ಹಲಗೆಗೆ. ಒಂದೇ ಪ್ರತಿ ಇದ್ದು ಪುಟ ಮುರಿಯುತ್ತಿರುವವನ್ನು ಮೊಮ್ಮಗನೇ ಫೋನಿನಲ್ಲಿ ಪುಟಪುಟವಾಗಿ ಫೋಟೋ ತೆಗೆಯಬೇಕು, ಮನೆಯ ಓದಿಗಾಗಿ ಮಾತ್ರ.

ಈ ಫೋಟೋ ಕೆಲಸ ಹುಡುಗಾಟವಲ್ಲ. 2025ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಭಿವಂಡಿಯಲ್ಲಿದ್ದ ಅಮರ ಚಿತ್ರಕಥೆಯ ಗೋದಾಮಿಗೆ ಬೆಂಕಿ ಬಿದ್ದು ಸುಮಾರು ಆರು ಲಕ್ಷ ಪ್ರತಿಗಳು ಸುಟ್ಟುಹೋದವು. ಆರಂಭದ ವರ್ಷಗಳ, ಕೈಯಿಂದ ಸಿದ್ಧಪಡಿಸಿದ ಮುದ್ರಣ ಫಿಲ್ಮುಗಳೂ ಹೋದವು. ಡಿಜಿಟಲ್ ಪ್ರತಿಗಳನ್ನು ಮೊದಲೇ ಮಾಡಿಟ್ಟಿದ್ದರಿಂದ ಕಥೆಗಳು ಉಳಿದವು. ಪ್ರಕಾಶಕರ ಗೋದಾಮಿಗೇ ಹೀಗಾದರೆ ನಮ್ಮ ನಿಮ್ಮ ಒಳಕೋಣೆಯ ಪಾಡೇನು?

ಕ್ರಿಸ್ಮಸ್ ಮುಗಿದ ಮೇಲೆ ಮತ್ತೆ ಆ ಮನೆಗೆ ಹೋಗಿದ್ದೆ. ಟ್ರಂಕಿಗೆ ಹಸಿರು ಬಣ್ಣ ಬಂದಿತ್ತು, ಬೀಗ ಇರಲಿಲ್ಲ. ಮೇಲೆ ಒಂದು ನೋಟ್‌ಬುಕ್ಕು. ಅದರಲ್ಲಿ ಮಾಸ್ತರರ ದುಂಡು ಅಕ್ಷರದಲ್ಲಿ ಪುಸ್ತಕದ ಹೆಸರು, ಸಂಖ್ಯೆ, ಕೊಂಡ ಊರು, ನೆನಪಿದ್ದರೆ ವರ್ಷ. ಐವತ್ತನೆಯ ಸಾಲಿನಿಂದ ಮುಂದೆ ಅಕ್ಷರ ಬದಲಾಗಿತ್ತು, ಸೊಟ್ಟಸೊಟ್ಟ, ಒತ್ತಕ್ಷರ ತಪ್ಪಿದ್ದವು. "ನಂದು ಕಣ್ಣು ಮಂಜಾಗ್ಯಾವ್ರಿ. ನಾ ಹೇಳ್ತೀನಿ, ಅಂವ ಬರೀತಾನ" ಎಂದರು ಮಾಸ್ತರರು. ಮಾರುವ ಮಾತನ್ನು ಹುಡುಗ ಮತ್ತೆ ಎತ್ತಿಲ್ಲವಂತೆ. ಎತ್ತಿದರೂ ಯಾವುದಕ್ಕೆ ಏನು ಬೆಲೆಯೆಂದು ಈಗ ಅವನಿಗೆ ಗೊತ್ತು.

ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಒಮ್ಮೆ ಅಟ್ಟ ಹತ್ತಿ ನೋಡಿ. ಪೆಟ್ಟಿಗೆಯನ್ನು ಕೆಳಗಿಳಿಸಿ, ಕೈ ತೊಳೆದುಕೊಂಡು ತೆರೆಯಿರಿ. ತೆರೆಯುವಾಗ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.